ಎರಡು ಫೂಟಿನ ಬಾಗಲಾ, ಓಣಿ ತುಂಬ ಗಾಬರಿ

ಮನ್ಯಾಗ ಗೌಂಡಿ ಕೆಲಸ ತಗದ್ರ ಫಜೀತಿ ಹುಡುಕ್ಕೊಂಡು ಹೋಗಬೇಕಾಗೂದಿಲ್ರಿ, ಅವು ತಾವಾಗೇ ಚಪ್ಪಲ್ ಬಿಟ್ಟು ಒಳಗ ಬರ್ತಾವ. ಎಲ್ಲಾರ ಮನ್ಯಾಗ ಆಗೂವಂಗ ನಮ್ಮಲ್ಲೂ ಆದವು. ಫರಕ್ ಇಷ್ಟ, ಮಂದಿ ಮೊದಲ ನಗತಾರ. ನಾವು ಮೊದಲ ಓಣಿಗೆ ಓಡಿ, ಎದಿ ಹಿಡ್ಕೊಂಡು ನಿಂತು, ಮನಿ ಇನ್ನೂ ನಿಂತದ ಅಂತ ಖಾತ್ರಿ ಮಾಡ್ಕೊಂಡು, ಆಮ್ಯಾಲೆ ನಕ್ವಿ.

ನಾ ಹುಟ್ಟಿದ್ದು ಧಾರವಾಡದ ಕಡೆ, ಇರೂದು ಪುಣೆದಾಗ, ಕೊಂಢವಾದೊಳಗ. ಜೋಳದ ರೊಟ್ಟಿ ಬಡದು ಮಾರ್ತೇನಿ. ಮೆತ್ತನ ರೊಟ್ಟಿ ಅಲ್ರಿ, ಖಡಕ್ ರೊಟ್ಟಿ. ನಮ್ಮ ಮನಿಯವರು ಮಾರ್ಕೆಟ್ ಯಾರ್ಡಿನಾಗ ಒಬ್ಬ ಬೆಲ್ಲದ ವ್ಯಾಪಾರಿ ಅಂಗಡ್ಯಾಗ ಗುಮಾಸ್ತರು. ಮಾವನವರು ಊರ ಕಡೆ ಸರಕಾರಿ ಕಟ್ಟಡ ಆಫೀಸಿನಾಗ ಟೈಪಿಸ್ಟ್ ಆಗಿ ರಿಟೈರ್ ಆದವರು. ಜೀವನಾ ಪೂರ್ತಿ ಇಂಜಿನಿಯರ್ ಬರದದ್ದು ಟೈಪ್ ಮಾಡಿ ಮಾಡಿ, ತಾವೂ ಇಂಜಿನಿಯರ್ ಆಗೇನಿ ಅಂತ ಅವರ ಭಾವನಾ. ಮನಿ ಹಳೇದು, ಇಟ್ಟಂಗಿ ಗ್ವಾಡಿದು. ಕೆಳಗಿನ ಮನಿ ನಮ್ಮದು, ಮ್ಯಾಲಿನ ಮನಿ ಒಬ್ಬ ಮರಾಠಿ ಆಜಿದು. ಸಾಲಿ ಕಲಿಸಿ ರಿಟೈರ್ ಆದವರು, ಒಬ್ಬರ ಇರ್ತಾರ.

ನಮ್ಮ ಅಡಗಿಮನಿ ಒಂದು ಕಡೆ, ರೊಟ್ಟಿ ಗಂಟು ಕಟ್ಟಿ ಕಿಡಕ್ಯಾಗಿಂದ ಮಾರೂ ಹಿಂದಿನ ಖೋಲಿ ಇನ್ನೊಂದು ಕಡೆ. ನಡಕ ಒಂದು ಗ್ವಾಡಿ. ಆ ಖೋಲಿಗೆ ಬಾಗಲಾ ಹೊರಗಿನಿಂದ ಮಾತ್ರ ಅದ. ಅದಕ್ಕ ನಾ ರೊಟ್ಟಿ ಬುಟ್ಟಿ ಹೊತ್ಕೊಂಡು ಪಡಸಾಲಿ ದಾಟಿ, ಮುಂಬಾಗಲಾ ಇಳದು, ಮನಿ ಸುತ್ತ ಹಾಕಿ ಹಿಂದ ಹೋಗಬೇಕು. ಪಡಸಾಲ್ಯಾಗ ಆರಾಮ ಕುರ್ಚಿ ಮ್ಯಾಲ ಮಾವನವರು ಕೂತಿರ್ತಾರ. ಬುಟ್ಟಿ ನಿಲ್ಲಿಸಿ, ಮ್ಯಾಲಿನ ಅರಿವಿ ಸರಿಸಿ, "ನೋಡೂಣು ತಂಗಿ, ಇವತ್ತ ಹೆಂಗ ಆಗ್ಯಾವ" ಅಂತ ಒಂದೆರಡು ರೊಟ್ಟಿ ಕೈಯಾಗ ಹಿಡದು ನೋಡವರು. ತಿನ್ನಲಿಕ್ಕಲ್ಲ. ಅವರಿಗೆ ಹೊಸಾ ಹಲ್ಲಿನ ಸೆಟ್ ಹಾಕ್ಯಾರ, ಡಾಕ್ಟರು ಖಡಕ್ ರೊಟ್ಟಿ ಕಣ್ಣಿಂದ ಸೈತ ನೋಡಬ್ಯಾಡ್ರಿ ಅಂತ ಹೇಳಿ ಕಳಿಸ್ಯಾರ. ಹಾಲಾಗ ನೆನಸಿದ ಚಪಾತಿನ ಅವರ ಊಟಾ. ಪಾಪ, ಮುಟ್ಟಿಯಾದ್ರೂ ಸಮಾಧಾನ ಮಾಡ್ಕೊಳ್ಳಲಿ ಅಂತ ನಾ ಗಪ್ ಇರ್ತಿದ್ದೆ. ಗಂಟು ಕಟ್ಟೂಮುಂದ ಯಾವಾಗೂ ಒಂದೆರಡು ಕಡಿಮಿ ಬರ್ತಿದ್ವು, ನನ್ನ ಎಣಿಕಿನ ಹಂಗ ಅಂತ ಬಿಟ್ಟಿದ್ದೆ.

ಹ್ವಾದ ಮಳಿಗಾಲದಾಗ ಹಿಂಗ ಸುತ್ತ ಹಾಕೂದ್ರಾಗ ರೊಟ್ಟಿ ಎಲ್ಲಾ ಥಂಡಿ ಹಿಡದು ಮೆತ್ತಗಾಗಿ ಅರಿವಿಗತೆ ಜೋತು ಬಿದ್ದವು. ಯೆರವಡಾದಾಗ ಒಂದು ಖಾನಾವಳಿ ಅದ, ನನ್ನ ದಂಧೆ ಅರ್ಧಾ ಅವರ ಮ್ಯಾಲ ನಡೀತದ. ಆ ಮಾಲಕರು ಮಾರಿಗೆ ಹೊಡದಂಗ ಹೇಳಿಬಿಟ್ರು: "ಬಾಯಿ, ಈ ಮಳಿಗಾಲದಾಗ ಒಂದು ಗಂಟು ಮೆತ್ತಗ ಬಂದ್ರೂ ನಾ ಬ್ಯಾರೆಯವರನ್ನ ನೋಡ್ಕೋತೇನಿ." ಮಳಿ ಬರೂದ್ರೊಳಗ ಆ ಗ್ವಾಡ್ಯಾಗ ಒಂದು ಸಣ್ಣ ಬಾಗಲಾ ತಗೀಬೇಕು, ಇಲ್ಲಾಂದ್ರ ನನ್ನ ಹಂಚು ತಣ್ಣಗಾತು. ನನಗ ಬೇಕಾಗಿದ್ದು ಅಷ್ಟ. ಆ ಗ್ವಾಡಿ ತನ್ನ ತಲಿ ಮ್ಯಾಲ ಆಜಿ ಮನಿ ಹೊತ್ಕೊಂಡು ನಿಂತದ ಅನ್ನೂದು ನನಗೇನು ಗೊತ್ತಿತ್ರಿ?

ಎರಡು ಏಟಿನ ಕೆಲಸ

ಮೊದಲ ಕರಸಿದ್ದು ಗೌಂಡಿನ್ನ. ವಿಜಯಪುರದ ಕಡೆಯಾಂವ, ಮಾತಿಗೆ ಮೊದಲ ಬಿದ್ದು ನಗೂ ಮನಷ್ಯಾ. ಬಂದಾಂವನ ಗ್ವಾಡಿ ಮ್ಯಾಲ ಕೈ ಆಡಿಸಿ, "ಅಕ್ಕಾರ, ಇದೇನ ದೊಡ್ಡ ಕೆಲಸ ಅಂತ ತಿಳದೀರಿ? ಎರಡು ಏಟು. ಸಂಜಿಗೆ ಬಾಗಲದಾಗ ನಿಂತು ಚಾ ಕುಡೀರಿ" ಅಂದ.

ಪಡಸಾಲಿಯಿಂದ ಮಾವನವರು ಒದರಿದ್ರು: "ಏ ತಮ್ಮಾ, ಮುಟ್ಟಬ್ಯಾಡ! ಕಟ್ಟಡವು ಅಪಾಯದ ಸ್ಥಿತಿಯಲ್ಲಿದೆ!"

ಮಾವನವರು ಮನ್ಯಾಗ ನಮ್ಮಂಗ ಮಾತಾಡ್ತಾರ. ಈ ಒಂದು ವಾಕ್ಯ ಮಾತ್ರ ಆಫೀಸಿನಾಗ ಟೈಪ್ ಮಾಡಿದ ಭಾಷಾದಾಗ ಹಂಗ ಬರ್ತದ. ಅವರ ಇಂಜಿನಿಯರಿಂಗ್ ಎಲ್ಲಾ ಆ ಒಂದು ವಾಕ್ಯದಾಗ ಅದ.

"ಅಜ್ಜಾರ, ಇಂಥಾವು ಭಾಳ ಒಡದೇನ್ರಿ. ಗ್ವಾಡಿ ಅಂದ್ರ ಗ್ವಾಡಿ. ಬೇಕಾರ ನೋಡ್ರಿ" ಅಂದವನ ಸುತ್ತಗಿ ಎತ್ತಿ ಗ್ವಾಡಿಗೆ ಒಂದು ಹಾಕೇಬಿಟ್ಟ.

ಢಮ್ಮ್! ಅಂತ ಸಪ್ಪಳಾತು. ಗ್ವಾಡ್ಯಾಗಲ್ಲ, ನೆತ್ತಿ ಮ್ಯಾಲ! ಛತ್ತಿನಿಂದ ಸುಣ್ಣದ ಪುಡಿ ಉದುರಿ ನನ್ನ ಹಿಟ್ಟಿನ ಪರಾತದಾಗ ಬಿತ್ತು. ಯವ್ವಾ ಅಂದಾಕಿನ ನಾ ಹೊರಗ. ನಮ್ಮ ಮನಿಯವರು ಹೊರಗ. ಮಾವನವರು ಕೋಲು ಬಿಟ್ಟು ಹೊರಗ. ತಿರಿಗಿ ನೋಡಿದ್ರ ಮನಿ ಹಂಗ ನಿಂತದ, ಮ್ಯಾಲ ಗ್ಯಾಲರ್ಯಾಗ ಆಜಿ ಬಗ್ಗಿ ನೋಡ್ಲಿಕ್ಕೆ ಹತ್ಯಾರ.

"ಕಾಯ್ ಝಾಲಂ ಹೋ?" ಏನಾತು ಅಂತ ಕೇಳಿದ್ರು.

"ನಿಮ್ಮ ಮನ್ಯಾಗ ಏನೋ ಬಿತ್ತಲ್ರಿ ಆಜಿ!"

"ನನ್ನ ಮಸಾಲಿ ಕುಟ್ಟೂ ಹಿತ್ತಾಳಿ ಖಲಬತ್ತಾ ಬಿತ್ತು. ನಿಮ್ಮ ಸುತ್ತಗಿ ಸಪ್ಪಳಕ್ಕ ಹೆದರಿ ಕೈ ಜಾರಿತು."

ಅವರನ್ನ ನಾವು ಹೆದರಿಸಿದ್ವಿ, ನಮ್ಮನ್ನ ಅವರು ಹೆದರಿಸಿದ್ರು, ಲೆಕ್ಕ ಚುಕ್ತಾ. ಆದ್ರ ಗೌಂಡಿ ಎಲ್ಲೆ? ಒಂದು ಚಪ್ಪಲ್ ನಮ್ಮ ಬಾಗಲದಾಗ ಬಿದ್ದಿತ್ತು. ಓಣಿ ಕೊನಿಗೆ ಚಾ ಗಾಡಿ ಅದ, ಅದರ ಹಿಂದ ಇನ್ನೊಂದು ಚಪ್ಪಲ್ ಹಾಕ್ಕೊಂಡು ನಿಂತಿದ್ದ. "ಬಾರಪಾ, ಏನೂ ಆಗಿಲ್ಲ" ಅಂದೆ.

"ನನಗೂ ಏನೂ ಆಗಿಲ್ರಿ ಅಕ್ಕಾರ" ಅಂದ ಅಲ್ಲಿಂದನ. "ಆದ್ರ ಒಬ್ಬ ಇಂಜಿನಿಯರ್‌ನ ಕರಸ್ರಿ. ಅವರು ಒಳಗ ನಿಂತ್ರ ನಾನೂ ಒಳಗ ನಿಲ್ತೇನಿ."

ಅಳತಿ ಯಾರದು?

ಇಂಜಿನಿಯರ್ ಬಂದ್ರು. ನಾ ಯಾರೋ ಬೋಳತಲಿ ಸಾಹೇಬರು ಬರ್ತಾರ ಅಂತ ದಾರಿ ಕಾಯಲಿಕ್ಕೆ ಹತ್ತಿದ್ದೆ. ಸ್ಕೂಟಿ ಮ್ಯಾಲ ಒಬ್ಬ ಹುಡುಗಿ ಬಂದಿಳದು, ಡಿಕ್ಕ್ಯಾಗಿಂದ ಹಳದಿ ಹೆಲ್ಮೆಟ್ ತಗದು ಹಾಕ್ಕೊಂಡಳು. ಮರಾಠಿ ಹುಡುಗಿ. ವಯಸ್ಸು ಸಣ್ಣದು, ಧ್ವನಿ ಹೆಡ್ ಮಾಸ್ತರದು. ಆಕಿ ಬಾಯಿ ತಗದ ಮ್ಯಾಲೆ ನಾವೆಲ್ಲಾ ಮೇಡಂ ಅನ್ನೂವಂಗ "ಬಾಯಿಯವರ" ಅಂತ ಕೈಕಟ್ಟಿ ನಿಂತ್ವಿ.

ಕೆಳಗ ಬಡದು ನೋಡಿದ್ರು, ಮ್ಯಾಲ ಹೋಗಿ ಅಳದ್ರು, ಮತ್ತ ಕೆಳಗ ಬಂದ್ರು. ಗೌಂಡಿ ಹಾಕಿದ ಏಟಿನ ಗುರುತು ನೋಡಿ ಅವರ ಮಾರಿನ ಬಿಳಿಚಿತು.

"ಇದನ್ನ ಹಂಗ ಒಡದಿದ್ರ ಏನಾಗ್ತಿತ್ತು ಗೊತ್ತದ ಏನ್ರಿ? ಆಜಿ ತಮ್ಮ ಅಡಗಿಮನಿ ಸಮೇತ ನಿಮ್ಮ ಒಲಿ ಮ್ಯಾಲ ಇಳೀತಿದ್ರು."

ನಾ ಅಲ್ಲೇ ಹಿಟ್ಟಿನ ಡಬ್ಬಿ ಮ್ಯಾಲ ಕೂತೆ. ಮಾವನವರು ಮಾತ್ರ ಮದವಿ ಗಂಡಿನಗತೆ ಮಿಂಚಿದ್ರು: "ನಾ ಹೇಳಲಿಲ್ಲೇನು? ಅಪಾಯದ ಸ್ಥಿತಿಯಲ್ಲಿದೆ! ಬಾಗಲಾ ಬ್ಯಾಡ, ಏನೂ ಬ್ಯಾಡ. ಬುಟ್ಟಿ ಪಡಸಾಲಿಯಿಂದನ ಹೋಗ್ಲಿ."

"ಹಂಗೇನಿಲ್ಲ ಅಜೋಬಾ, ಮಾಡಲಿಕ್ಕೆ ಬರ್ತದ" ಅಂದ್ರು ಬಾಯಿಯವರು. "ಎರಡೂ ಕಡೆ ಕಬ್ಬಿಣದ ಜಾಕಿ ಕಂಬ ನಿಂದ್ರಿಸಿ ಮ್ಯಾಲಿನ ಭಾರ ಹಿಡೀಬೇಕು. ಬಾಗಲದ ತಲಿ ಮ್ಯಾಲ ಒಂದು ಗರ್ಡರ್ ಕೂಡಿಸಬೇಕು. ಅದು ಗಟ್ಟಿ ಆದಮ್ಯಾಲೆ ಕೆಳಗಿನ ಇಟ್ಟಂಗಿ ಸಾವಕಾಶ ತಗೀಬೇಕು. ಪರವಾನಗಿ ನಾ ತಗೊಂಡು ಬರ್ತೇನಿ."

ಮಾವನವರ ಮಾರಿ ಸಪ್ಪಗಾತು. ಹಾಲಾಗಿನ ಚಪಾತಿ ನೋಡಿದಾಗ ಹೆಂಗ ಆಗ್ತದಲ್ಲ, ಹಂಗ.

"ಅಗಲ ಮಾತ್ರ ಎರಡು ಫೂಟು. ಒಂದು ಬಟ್ಟೂ ಹೆಚ್ಚಿಗಿ ಇಲ್ಲ."

ಎರಡು ಫೂಟಿನಾಗ ಹಾಯ್ಲಿಕ್ಕೆ ಬರ್ತದೋ ಇಲ್ಲೋ ನೋಡೂಣು ಅಂತ, ಎರಡು ಕಪಾಟು ಎದುರಾಬದರಾ ಎರಡು ಫೂಟು ಬಿಟ್ಟು ನಿಲ್ಲಿಸಿದ್ವಿ. ನಾ ಬುಟ್ಟಿ ತಲಿ ಮ್ಯಾಲ ಇಟ್ಕೊಂಡು ಸಲೀಸ ಹಾದೆ. ಬಾಯಿಯವರು ಹಾದ್ರು. "ಸರೀರಿ, ನಾನೂ ನೋಡ್ತೇನಿ" ಅಂತ ನಮ್ಮ ಮನಿಯವರು ಹೊಕ್ಕರು. ಬೆಲ್ಲದ ಅಂಗಡ್ಯಾಗ ಕೂತು ಕೂತು ಬೆಳದ ಹೊಟ್ಟಿರಿ ಅದು. ನಡುವ ಹೋಗಿ ಸಿಕ್ಕೊಂಡ್ರು. ಹಿಂದ ಬರ್ಲಿಲ್ಲ, ಮುಂದ ಬರ್ಲಿಲ್ಲ. ಜೋರ ಮಾಡಿ ಹೊಳ್ಳೂದ್ರಾಗ ಕಪಾಟಿನ ಮ್ಯಾಲಿದ್ದ ತಾಮ್ರದ ಕೊಡ ಧಡಲ್ ಅಂತ ಬಿತ್ತು.

ಗ್ವಾಡಿ ಬಿತ್ತು ಅಂತ ನಾವೆಲ್ಲಾ ಓಣಿಗೆ! ಮ್ಯಾಲಿಂದ ಆಜಿನೂ ಓಣಿಗೆ! ಮನಿ ಒಳಗಿಂದ ಒಂದ ಧ್ವನಿ ಬರ್ಲಿಕ್ಕೆ ಹತ್ತಿತ್ತು: "ಏ, ಎಲ್ಲಾರೂ ಓಡಿ ಹೋದ್ರಲ್ಲ, ನನ್ನ ಯಾರು ತಗೀತೀರಿ?"

ಕಪಾಟು ಸರಿಸಿ ಅವರನ್ನ ಬಿಡಿಸಿದ ಮ್ಯಾಲೆ ನಾ ಮೆಲ್ಲಕ ಕೇಳಿದೆ, "ಬಾಯಿಯವರ, ಸ್ವಲ್ಪ ಅಗಲ ಮಾಡ್ಲಿಕ್ಕೆ ಬರೂದಿಲ್ಲೇನ್ರಿ?"

ಬಾಯಿಯವರು ನಮ್ಮ ಮನಿಯವರನ್ನ ಮ್ಯಾಲಿಂದ ಕೆಳಗ ಟೇಪ್ ಹಿಡದು ಅಳದಂಗ ನೋಡಿದ್ರು. "ಗ್ವಾಡಿ ಒಡಿಯೂಕಿಂತ ಅದನ್ನ ಕರಗಸೂದು ಸೋವಿ ಬೀಳ್ತದ" ಅಂದ್ರು.

ಕೆಳಗ ಕೂತ್ರ ಹೆಂಗ ಬೀಳ್ತೇನಿ?

ಆಜಿ ಹೂಂ ಅನ್ನದ ಕೆಲಸ ಸುರು ಮಾಡಂಗಿದ್ದಿಲ್ಲ. ಅವರ ಮನಿ ಅಲ್ಲೇನ್ರಿ ಗ್ವಾಡಿ ಮ್ಯಾಲ ಕೂತದ್ದು! ಆದ್ರ ಆಜಿಗೆ ಹೆದರಿಕಿ ಹಚ್ಚೂ ಕೆಲಸ ನಮ್ಮ ಮನ್ಯಾಗಿಂದನ ನಡದಿತ್ತು. ದಿನಾ ಸಂಜಿಮುಂದ ಮಾವನವರು ಬಗಲಾಗ ಪೇಪರ್ ಸುರಳಿ ಸುತ್ತಿ ಇಟ್ಕೊಂಡು ಮೆಟ್ಟಲಾ ಏರವರು. "ಎಲ್ಲಿಗೆ ಮಾವಾರ?" ಅಂದ್ರ, "ಆಜಿಗೆ ಅಪಾಯದ ತಿಳುವಳಿಕಿ ಕೊಟ್ಟು ಬರ್ತೇನಿ ತಂಗಿ" ಅನ್ನವರು. ತಿಳುವಳಿಕಿ ಕೊಟ್ಟು ಬಂದ್ರ ಮಾರಿ ಮ್ಯಾಲ ಎಂಥಾ ಸಮಾಧಾನ ಅಂತೀರಿ!

ಆಜಿ ಒಂದು ತಂಬಿಗಿ ತುದಿ ತನಾ ನೀರು ತುಂಬಿ ನೆಲದ ಮ್ಯಾಲ ಇಟ್ರು. ನೀರು ಅಲಗಾಡಿದ್ರ ಮನಿ ಅಲಗಾಡಿದಂಗ. ಓಣಿ ಮುಂದ ಲಾರಿ ಹಾದ್ರ ನೀರು ಅಲಗಾಡೂದು, ಆಜಿ ಬ್ಯಾಗ್ ಹಿಡ್ಕೊಂಡು ಇಳಿಯೂದು, ನಾ ಚಾ ಕುಡಿಸಿ ಮ್ಯಾಲ ಬಿಟ್ಟು ಬರೂದು. ಕೊಂಢವಾದಾಗ ಲಾರಿಗೇನು ಬರಗಾಲ ಅದ ಏನ್ರಿ? ನನ್ನ ಚಾಪುಡಿ ಡಬ್ಬಿ ತಳಾ ಕಂಡಿತು.

ಕಡೀಕ ಬಾಯಿಯವರನ್ನ ಕರಕೊಂಡು ನಾನ ಮ್ಯಾಲ ಹೋದೆ. ಖಾನಾವಳಿ ಮಾತು ಹೇಳ್ಕೊಂಡೆ, ಆಜಿ, ನನ್ನ ಹೊಟ್ಟಿ ಪಾಡು ಅದ ಅಂದೆ. ಕಣ್ಣಾಗ ನೀರು ಬಂತು, ಸುಳ್ಳಲ್ಲ. ಆಜಿ ಕರುಳು ಕರಗಿತು.

"ಆತು, ಮಾಡಸು" ಅಂದ್ರು. "ಒಂದ ಮಾತು. ಇಟ್ಟಂಗಿ ತಗಿಯೂ ದಿವಸ ನಾ ನಿಮ್ಮ ಅಡಗಿಮನ್ಯಾಗ ಬಂದು ಕೂಡ್ತೇನಿ."

"ಅಯ್ಯ, ಅಲ್ಲ್ಯಾಕ್ರಿ?"

"ಮ್ಯಾಲ ಕೂತ್ರ ಕೆಳಗ ಬೀಳ್ತೇನಿ. ಕೆಳಗನ ಕೂತ್ರ ಎಲ್ಲಿಂದ ಬೀಳ್ತೇನಿ?"

ನಾ ದಂಗಾಗಿ ನಿಂತೆ. ಅದಕ್ಕಿಂತಾ ದಂಗಾಗೂ ಸಂಗತಿ ಅಂದ್ರ, ಒಂದು ಗಳಿಗಿ ನನಗೂ ಅದು ಖರೇ ಅನಿಸ್ತು! ಬಾಯಿಯವರು ತಲಿ ಮ್ಯಾಲ ಕೈ ಇಟ್ಕೊಂಡು, "ಆಜಿ, ಆವಾಗ ನೀವು ಬೀಳೂದಿಲ್ಲ, ನಿಮ್ಮ ಮನಿ ನಿಮ್ಮ ಮ್ಯಾಲ ಬೀಳ್ತದ!" ಅಂದ್ರು.

ಆಜಿ ಅವರ ಕಡೆ ತಿರಿಗಿ, "ನೀ ಎಲ್ಲಿ ನಿಲ್ತೀ ಮಗಾ?" ಅಂತ ಕೇಳಿದ್ರು.

"ನಾ? ಗ್ವಾಡಿ ಬಾಜೂಕ ನಿಲ್ಲಬೇಕಲ್ಲ."

"ಹಂಗಾದ್ರ ನಾನೂ ಅಲ್ಲೇ ಪಡಸಾಲಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂಡ್ತೇನಿ. ನಿನ್ನಂಥಾ ಮಗಳನ್ನ ನಿಮ್ಮ ಆಯಿ ಧೈರ್ಯ ಮಾಡಿ ಕಳಿಸ್ಯಾಳ ಅಂದ್ರ ಅಲ್ಲಿ ಏನೂ ಆಗೂದಿಲ್ಲ."

ಬಾಯಿಯವರ ಹೆಡ್ ಮಾಸ್ತರ್ ಧ್ವನಿ ಮೊದಲ ಸಲ ಸಣ್ಣದಾತು. "ಆಜಿ, ನಮ್ಮ ಆಯಿಗೆ ನಾ ಆಫೀಸಿನಾಗ ಕುರ್ಚಿ ಮ್ಯಾಲ ಕೂಡೂ ಕೆಲಸ ಅಂತ ಹೇಳೇನಿ."

ಗಾಜಿನ ಪಟ್ಟಿ

ಗ್ವಾಡ್ಯಾಗ ಮೊದಲಿಂದನ ಕೂದಲಿನಂಥಾ ಒಂದು ಬಿರಕು ಇತ್ತು. ಬಾಯಿಯವರು ಅದರ ಮ್ಯಾಲ ಅಡ್ಡ ಒಂದು ತೆಳ್ಳನ ಗಾಜಿನ ಪಟ್ಟಿ ಅಂಟಿಸಿದ್ರು. "ಗ್ವಾಡಿ ಒಂದು ಎಳಿ ಸರದ್ರೂ ಈ ಗಾಜು ಮುರೀತದ. ಮುರದ್ರ ಯಾರೂ ಒಳಗಿರಬ್ಯಾಡ್ರಿ, ನನಗ ಫೋನ್ ಮಾಡ್ರಿ" ಅಂತ ಹೇಳಿ ಹೋದ್ರು.

ಮರುದಿನ ಮುಂಜಾನೆ ಒಲಿ ಹಚ್ಚಲಿಕ್ಕೆ ಹೋಗ್ತೇನಿ, ಗಾಜು ಎರಡು ತುಂಡು!

ನನ್ನ ಬಾಯಾಗಿಂದ ಎಂಥಾ ಧ್ವನಿ ಬಂತೋ ದೇವರಿಗೇ ಗೊತ್ತು. ನಮ್ಮ ಮನಿಯವರು ಬಾಯಾಗ ಬ್ರಶ್ ಇಟ್ಕೊಂಡ ಓಣಿಗೆ ಬಂದ್ರು. ಆಜಿ ಬ್ಯಾಗ್ ತಗೊಂಡು ಇಳದ್ರು. ಆ ಬ್ಯಾಗಿನಾಗ ಏನ ಅದ ಅಂತ ಅವತ್ತ ಗೊತ್ತಾತು, ಉಪ್ಪಿನಕಾಯಿ ಭರಣಿ. ಬ್ಯಾರೆ ಏನೂ ಇಲ್ಲ. ಬಾಯಿಯವರು ಹೆಲ್ಮೆಟ್ ಉಲ್ಟಾ ಹಾಕ್ಕೊಂಡು ಓಡಿ ಬಂದ್ರು. ಪಾಪ, ಅವರ ಹೆಸರು ಹೋಗೂ ಪ್ರಶ್ನಾ. ಒಳಗ ಹೋಗಿ ಬ್ಯಾಟರಿ ಹಾಕಿ ನೋಡ್ತಾರ, ಬಿರಕು ಹ್ಯಾಂಗಿತ್ತೋ ಹಂಗ ಅದ. ಗಾಜು ಮಾತ್ರ ಮುರದದ.

"ಹಿಂಗ ಆಗಲಿಕ್ಕೆ ಶಕ್ಯನ ಇಲ್ಲ. ಯಾರರೆ ಇದನ್ನ ಮುಟ್ಟಿದ್ರೇನು?"

ಮಾವನವರು ಗಂಟಲಾ ಸರಿ ಮಾಡ್ಕೊಂಡ್ರು. "ಮುಟ್ಟಿಲ್ಲವಾ. ಮುರದದೋ ಇಲ್ಲೋ ಅಂತ ಕೋಲಿಲೆ ಸಣ್ಣಗ ಬಡದು ನೋಡಿದೆ."

ನನಗ ಸಿಟ್ಟು ನೆತ್ತಿಗೇರಿತು. ಬಾಯಿಯವರು ಹಲ್ಲು ಕಡಕೊಂಡು ಹೊಸಾ ಗಾಜು ಅಂಟಿಸಿ, "ಅಜೋಬಾ, ಇದಕ್ಕ ಯಾರೂ ಬಡೀಬಾರದು" ಅಂದ್ರು.

ಮಾವನವರಿಗೆ ಖರೇನ ಆಶ್ಚರ್ಯ ಆತು. "ಬಡೀದನ ಗೊತ್ತಾಗೂದು ಹೆಂಗ?"

ಕಟಕ್

ಜಾಕಿ ಕಂಬ ಬಂದು ನಿಂತ್ವು. ಅಡಗಿಮನ್ಯಾಗ ಕಬ್ಬಿಣದ ಕಂಬಗಳ ಸಂದಿಗೊಂದಿನಾಗ ಕೂತು ನಾ ರೊಟ್ಟಿ ಬಡದೆ. ಗರ್ಡರ್ ಗ್ವಾಡ್ಯಾಗ ಕೂತು ಗಟ್ಟಿ ಆತು. ಆಕಾಶದಾಗ ಮಾಡ ಕೂಡಲಿಕ್ಕೆ ಹತ್ತಿತ್ತು, ಖಾನಾವಳಿಯಿಂದ "ಬಾಯಿ, ಈ ಸಲ ಹೆಂಗ?" ಅಂತ ಫೋನ್ ಬಂದಿತ್ತು. ಇಟ್ಟಂಗಿ ತಗಿಯೂ ದಿವಸ ಅಂತೂ ಬಂತು.

ಬಾಯಿಯವರು ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ರು: "ಗ್ವಾಡಿ ತಾನ ಹೇಳ್ತದ. ಒಳಗಿಂದ ಕಟಕ್ ಅಂತ ಸಪ್ಪಳ ಬಂತು ಅಂದ್ರ ಏನೂ ತಗೋಬ್ಯಾಡ್ರಿ, ಯಾರನ್ನೂ ಕೇಳಬ್ಯಾಡ್ರಿ, ಸೀದಾ ಹೊರಗ ಓಡ್ರಿ."

ಆಜಿ ಪಡಸಾಲಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂತ್ರು. ಗೌಂಡಿ ಈ ಸಲ ಸುತ್ತಗಿ ಮುಟ್ಟಲಿಲ್ಲ, ಉಳಿಯಂಥಾ ಸಣ್ಣ ಛಿನ್ನಿ ಹಿಡದು ಕೂಸಿನ ಬೆನ್ನು ತಟ್ಟಿದಂಗ ಕೆಲಸ ಸುರು ಮಾಡಿದ. ಒಂದು ಇಟ್ಟಂಗಿ ಬಂತು. ಇನ್ನೊಂದು ಬಂತು. ಆಚೆ ಕಡೆ ಖೋಲಿ ಕಾಣೂವಂಗ ಒಂದು ತೂತು ಬಿತ್ತು.

ಕಟಕ್.

ಗೌಂಡಿ ಕೈ ಅಲ್ಲೇ ನಿಂತ್ವು. ನಾ ಬಾಯಿಯವರ ಮಾರಿ ನೋಡಿದೆ, ಬಾಯಿಯವರು ಗ್ವಾಡಿ ಮಾರಿ ನೋಡಿದ್ರು.

ಕಟಕ್. ಕಟಕ್.

"ಹೊರಗ!" ಅಂತ ಚೀರಿದ್ರು ಬಾಯಿಯವರು.

ಏನೂ ತಗೋಬ್ಯಾಡ್ರಿ ಅಂದಿದ್ರೂ, ಓಣ್ಯಾಗ ನಿಂತಾಗ ನನ್ನ ಕೈಯಾಗ ಹಿಟ್ಟಿನ ಮುದ್ದಿ ಇತ್ತು, ನಮ್ಮ ಮನಿಯವರ ಕೈಯಾಗ ಟೀವಿ ರಿಮೋಟ್ ಇತ್ತು, ಆಜಿ ಕೈಯಾಗ ಭರಣಿ. ಗೌಂಡಿ ಅಷ್ಟೊತ್ತಿಗೆ ಚಾ ಗಾಡಿ ಮುಟ್ಟಿದ್ದ. ಎಲ್ಲಾರೂ ಬಂದ್ರಲ್ಲಾ ಅಂತ ತಿರಿಗಿ ನೋಡಿದೆ. ಮಾವನವರು ಇಲ್ಲ!

"ಮಾವಾರೂ!" ಅಂತ ಒದರಿದೆ. ಒಳಗಿಂದ ಮತ್ತ ಕಟಕ್ ಅಂತು. ಖರೇ ಹೇಳ್ತೇನ್ರಿ, ಆ ಹೊತ್ತಿನಾಗ ಬಾಗಲಾ ಹಾಳಾಗಿ ಹೋಗ್ಲಿ, ರೊಟ್ಟಿ ದಂಧೆ ಹೋಗ್ಲಿ, ಮುದುಕಪ್ಪ ಒಬ್ಬರು ಜೀವಂತ ಹೊರಗ ಬಂದ್ರ ಸಾಕು ಅನಿಸ್ತು. ನಮ್ಮ ಮನಿಯವರು "ಅಪ್ಪಾ!" ಅಂತ ಒಳಗ ನುಗ್ಗಲಿಕ್ಕೆ ಹೋದ್ರು. ಬಾಯಿಯವರು ಅವರನ್ನ ಹಿಂದ ಜಗ್ಗಿ, ತಾವ ಹೆಲ್ಮೆಟ್ ಬಿಗದು ಒಳಗ ಹೋದ್ರು. ಬ್ಯಾಡ ಅಂದ್ರೂ ಅವರ ಬೆನ್ನಿಗೆ ನಾ ಹೋದೆ.

ಗಾಜಿನ ಪಟ್ಟಿ ಹಂಗ ಇತ್ತು. ಗರ್ಡರ್ ಹಂಗ ಇತ್ತು. ಬಾಯಿಯವರು ಉಸರು ಹಿಡದು ಆ ತೂತಿನಾಗ ಬ್ಯಾಟರಿ ಹಾಕಿ ಬಗ್ಗಿ ನೋಡಿದ್ರು. ನೋಡಿ ಹಂಗ ನಿಂತ್ರು. ಆಮ್ಯಾಲೆ ಸರದು ನನಗ ಜಾಗಾ ಬಿಟ್ಟು ಕೊಟ್ರು. ನಾ ಬಗ್ಗಿದೆ.

ಆಚೆ ಕಡೆ ಖೋಲ್ಯಾಗ, ಗ್ವಾಡಿಗೆ ಬೆನ್ನು ಹಚ್ಚಿ, ಹಿಟ್ಟಿನ ಡಬ್ಬಿ ಮ್ಯಾಲ ಮಾವನವರು ಕೂತಾರ. ಬಾಜೂಕ ನನ್ನ ರೊಟ್ಟಿ ಬುಟ್ಟಿ, ಅರಿವಿ ತಗದದ್ದು. ಒಂದು ಕೈಯಾಗ ಶೇಂಗಾ ಹಿಂಡಿ, ಇನ್ನೊಂದು ಕೈಯಾಗ ಖಡಕ್ ರೊಟ್ಟಿ. ಎರಡೂ ಕಣ್ಣು ಗಟ್ಟಿ ಮುಚ್ಯಾರ. ಕಟಕ್!

"ಮಾವಾರ!"

"ಯಾರದು?" ಕಣ್ಣ ತಗದು ತೂತಿನ ಕಡೆ ನೋಡಿದ್ರು. "ಬಾಗಲಾ ಆತೇನು ತಂಗಿ?"

ಸುತ್ತ ಹಾಕಿ ಆ ಖೋಲಿಗೆ ಓಡಿ ಹೋದೆ. ಅಳೂನೂ ಬರ್ಲಿಕ್ಕೆ ಹತ್ತಿತ್ತು, ಸಿಟ್ಟೂ ಬರ್ಲಿಕ್ಕೆ ಹತ್ತಿತ್ತು. "ಡಾಕ್ಟರು ಏನ ಹೇಳ್ಯಾರ್ರಿ ನಿಮಗ?"

"ಕಣ್ಣಿಂದ ನೋಡಬ್ಯಾಡ ಅಂದಾರ. ಅದಕ್ಕ ಕಣ್ಣ ಮುಚ್ಚಿ ತಿಂದೆ."

ಗಂಟಿನಾಗ ಯಾವಾಗೂ ಕಡಿಮಿ ಬರ್ತಿದ್ದ ರೊಟ್ಟಿ ಎಲ್ಲಿ ಹೋಗ್ತಿದ್ವು ಅಂತ ನನಗ ಆವಾಗ ಹೊಳೀತು. ಮಾವನವರು ತಲಿ ತಗ್ಗಿಸಿ, ಕೂಸಿನಗತೆ ಹೇಳಿದ್ರು: "ಬಾಗಲಾ ಆದಮ್ಯಾಲೆ ನಿನ್ನ ಬುಟ್ಟಿ ಪಡಸಾಲಿಯಿಂದ ಬರೂದಿಲ್ಲಲ್ಲವಾ. ನನಗ ಏನು ಉಳೀತು? ಹಾಲಾಗಿನ ಚಪಾತಿ."

"ಅಂದ್ರ ಮಾವಾರ, ಇಷ್ಟು ದಿವಸ ಅಪಾಯದ ಸ್ಥಿತಿ, ಅಪಾಯದ ಸ್ಥಿತಿ ಅಂತ ಓಣಿ ತುಂಬ ಸಾರಿದ್ದು ಈ ರೊಟ್ಟಿ ಸಲುವಾಗಿ?"

"ಸುಳ್ಳೇನ ಹೇಳೇನಿ?" ಅಂದ್ರು ಮಾವನವರು. "ಅಪಾಯ ಇತ್ತಲ್ಲ. ನನಗ ಇತ್ತು."

ನಾ ಅಲ್ಲ!

ಆವತ್ತ ಒಂದು ತೀರ್ಮಾನ ಆತು. ದಿನಾ ಒಂದು ಖಡಕ್ ರೊಟ್ಟಿ, ಪುಡಿ ಮಾಡಿ, ಬ್ಯಾಳಿ ಸಾರಿನಾಗ ನೆನಸಿ, ನನ್ನ ಕಣ್ಣ ಮುಂದ. ಮಾವನವರು ಒಪ್ಪಿದ್ರು. ಗ್ವಾಡಿ ವಿಚಾರಕ್ಕ ಮತ್ತ ಬಾಯಿ ಹಾಕಲಿಲ್ಲ. ಸಂಜಿಮುಂದ ಪೇಪರ್ ಸುರಳಿ ತಗೊಂಡು ಮ್ಯಾಲ ಹೋಗೂದು ಮಾತ್ರ ಬಿಡಲಿಲ್ಲ. "ಆಜಿಗೆ ಹೆದರಿಕಿ ಹಚ್ಚಿದಾಂವ ನಾನ, ಬಿಡಸಾಂವನೂ ನಾನ ಆಗಬೇಕಲ್ಲ" ಅಂದ್ರು. ಎಂಥಾ ದೊಡ್ಡ ಮನಸ್ಸು ಅಂತ ನಾ ಒಲಿ ಮುಂದ ಕೂತು ಕಣ್ಣ ಒರಸ್ಕೊಂಡೆ.

ಎರಡು ಫೂಟಿನ ಬಾಗಲಾ ಆತು, ಚೌಕಟ್ಟು ಕೂತಿತು. ಉಳದದ್ದು ಒಂದ ಕೆಲಸ: ಜಾಕಿ ಕಂಬ ಸಡಲ ಮಾಡಿ ತಗಿಯೂದು. ಆವಾಗ ಆಜಿ ಮನಿ ಭಾರ ಎಲ್ಲಾ ಕಂಬ ಬಿಟ್ಟು ಹೊಸಾ ಗರ್ಡರ್ ಮ್ಯಾಲ ಬಂದು ಕೂಡ್ತದ. ಖರೇ ಪರೀಕ್ಷಾ ಆವತ್ತ ಅಂತ ಬಾಯಿಯವರು ಹೇಳಿದ್ರು.

ಆ ದಿವಸ ನಸುಕಿನಾಗ ಮಳಿ ಹಿಡೀತು. ವರ್ಷದ ಮೊದಲ ಮಳಿ, ಛತ್ರಿನೂ ನಿಲ್ಲದಂಥಾದ್ದು. ನಾ ಬುಟ್ಟಿ ತಲಿ ಮ್ಯಾಲ ಇಟ್ಕೊಂಡು ಹೊಸಾ ಬಾಗಲದಿಂದ ಹಿಂದಿನ ಖೋಲಿಗೆ ಮೊದಲ ಸಲ ಹೋದೆ. ಒಂದು ಹನಿನೂ ಬೀಳಲಿಲ್ಲ. ಖಾನಾವಳಿ ಗಂಟು ಕಟ್ಟಿಟ್ಟೆ. ಆದ್ರೂ ಎರಡೆರಡು ಸಲ ಗಂಟು ಮುಟ್ಟಿ ನೋಡಿದೆ. ಒಳಗಿನ ಥಂಡಿಗೆ ಮೆತ್ತಗಾದ್ರ? ಗರ್ಡರ್ ತಡೀಲಿಲ್ಲ ಅಂದ್ರ?

ಬಾಯಿಯವರು ಬಂದ ಕೂಡಲೆ ಮಾವನವರ ಮುಂದ ನೀರು ತುಂಬಿದ ಒಂದು ವಾಟಗ ಹಿಡದ್ರು. "ಅಜೋಬಾ, ಹಲ್ಲು ಇದರಾಗ ಇಡ್ರಿ. ಕೆಲಸ ಮುಗಿಯೂತನಕಾ ಅವು ನನ್ನ ತಾಬೇದಾಗ." ಮಾವನವರು ಗುರುಗುಟ್ಟಿಕೋತ ಸೆಟ್ ತಗದು ಇಟ್ರು. ಆಜಿ ತಮ್ಮ ಕುರ್ಚಿ ಮ್ಯಾಲ ಕೂತ್ರು, ಓದಲಿಕ್ಕೆ ತೊಡಿ ಮ್ಯಾಲ ಪೇಪರ್ ಸುರಳಿ ಇತ್ತು.

ಗೌಂಡಿ ಮೊದಲನೇ ಕಂಬ ತಿರುವಿದ. ಎಲ್ಲಾರೂ ಉಸರು ಹಿಡದ್ವಿ. ಎರಡನೇದು ತಿರುವಿದ. ಬಾಯಿಯವರು ಗ್ವಾಡಿಗೆ ಕಿವಿ ಹಚ್ಚಿ, ಬಟ್ಟು ತುಟಿ ಮ್ಯಾಲ ಇಟ್ಟು ಯಾರೂ ಮಾತಾಡಬ್ಯಾಡ್ರಿ ಅಂತ ಸನ್ನಿ ಮಾಡಿದ್ರು. ಹೊರಗ ಮಳಿ ಸಪ್ಪಳ ಒಂದ.

ಕಟಕ್!

ಒಬ್ಬರೂ ಅಲಗಾಡಲಿಲ್ಲ. ಎಲ್ಲಾರೂ ನಕ್ಕೋತ ಮಾವನವರ ಕಡೆ ತಿರಿಗಿದ್ವಿ. ನಮ್ಮ ಮನಿಯವರು "ಅಪ್ಪಾ, ಸಾಕ ಬಿಡ್ರಿ ಇನ್ನ" ಅಂದ್ರು.

ಮಾವನವರು ಎರಡೂ ಕೈ ಮ್ಯಾಲ ಎತ್ತಿದ್ರು. ಬಾಯಿ ಆ ಅಂತ ತಗದ್ರು. ಒಂದೂ ಹಲ್ಲಿಲ್ಲ. ವಾಟಗದಾಗಿನ ಸೆಟ್ ನಮ್ಮನ್ನ ನೋಡಿ ನಗಲಿಕ್ಕೆ ಹತ್ತಿತ್ತು.

"ನಾ ಅಲ್ಲ!"

ಯವ್ವಾ ಶಿವನ! ಯಾರು ಮೊದಲ ಓಡಿದ್ರು ಕೇಳಬ್ಯಾಡ್ರಿ. ಗೌಂಡಿ ನನ್ನ ದಾಟಿದ, ಮಾವನವರು ಗೌಂಡಿನ್ನ ದಾಟಿದ್ರು. ನಮ್ಮ ಮನಿಯವರು ಗಾಬರ್ಯಾಗ ದಿಕ್ಕು ತಪ್ಪಿ ಹೊಸಾ ಬಾಗಲದಾಗ ಹೊಕ್ಕು, ಅಡ್ಡ ತಿರಿಗಿ, ಉಸರು ಎಳಕೊಂಡು ಆ ಕಡೆ ಪಾರಾಗಿ ಓಣಿಗೆ ಬಂದ್ರು. ಧೋ ಧೋ ಮಳ್ಯಾಗ ನಾವೆಲ್ಲಾ ತೊಯ್ಸಿಕೊಂಡು ನಿಂತೇವಿ, ಮನಿ ಇನ್ನೇನು ಕೂಡ್ತದ ಅಂತ ಕಣ್ಣ ಪಿಳಕಿಸದ ನೋಡ್ತೇವಿ. ನನ್ನ ರೊಟ್ಟಿ, ನನ್ನ ಒಲಿ, ಆಜಿ ಮನಿ.

ಆಜಿ! ಲಾರಿ ಹಾದ್ರ ಬ್ಯಾಗ್ ಹಿಡ್ಕೊಂಡು ಓಡಿ ಬರೂ ಆಜಿ ಎಲ್ಲೆ?

ಎಲ್ಲಾರೂ ಮತ್ತ ಮುಂಬಾಗಲಕ್ಕ ನುಗ್ಗಿದ್ವಿ. ಮನಿ ಕಲ್ಲಿನಗತೆ ನಿಂತಿತ್ತು. ಆಜಿ ಅದ ಕುರ್ಚಿ ಮ್ಯಾಲ ಕೂತಾರ, ಎರಡೂ ಗಲ್ಲಾ ಉಬ್ಯಾವ. ಮಾತಾಡಲಿಕ್ಕೆ ಬರ್ಲಾರದ್ದಕ್ಕ ಒಂದು ಕೈ ಎತ್ತಿ ತಡೀರಿ, ತಡೀರಿ ಅಂತ ಸನ್ನಿ ಮಾಡ್ಲಿಕ್ಕೆ ಹತ್ಯಾರ. ಅವರ ತೊಡಿ ಮ್ಯಾಲಿನ ಪೇಪರ್ ಸುರಳಿ ಬಿಚ್ಚಿದೆ, ಒಳಗ ಅರ್ಧಾ ರೊಟ್ಟಿ ಅದ. ಮಾವನವರು ದಿನಾ ಬಗಲಾಗ ಇಟ್ಕೊಂಡು ಹೋಗೂದು ಅದ ಪೇಪರ್. ನಾ ಮಾವನವರ ಕಡೆ ತಿರಿಗಿ ನೋಡಿದೆ. ಅವರು ಭಾಳ ಲಕ್ಷ್ಯ ಕೊಟ್ಟು ಮಳಿ ನೋಡ್ಲಿಕ್ಕೆ ಹತ್ತಿದ್ರು.

ಆಜಿ ಅಂತೂ ನುಂಗಿದ್ರು.

"ಭಿಂತ್ ನಾಹೀ ಗಂ, ಮೀ!" ಅಂದ್ರು. ಗ್ವಾಡಿ ಅಲ್ಲವಾ, ನಾನು! ಆಮ್ಯಾಲೆ ಉಳದ ಅರ್ಧಾ ರೊಟ್ಟಿ ನನ್ನ ಮಾರಿ ಮುಂದ ಹಿಡದು, "ಇಂಥಾ ಮಳ್ಯಾಗೂ ಹೆಂಗ ಖಡಕ್ ಅದ ನೋಡು" ಅಂತ ಮತ್ತೊಮ್ಮೆ ಮುರದ್ರು.

ಕಟಕ್!